ಒಂದು ಸೆಷನ್, ಒಂದೇ ಸಾಲು: ರೇಡಿಯಸ್ ಲೆಕ್ಕದಲ್ಲಿ ಡಬಲ್ ಎಂಟ್ರಿ ತಡೆಯುವುದು ಹೇಗೆ

ತಿಂಗಳ ಮೊದಲ ವಾರ. ಇಂಡಿ ಪಟ್ಟಣದ ಲಿಂಬೆಹಣ್ಣಿನ ವ್ಯಾಪಾರಿಯೊಬ್ಬರು ವಿಜಯಪುರದ ನಮ್ಮ ಇಂಟರ್ನೆಟ್ ಆಫೀಸಿಗೆ ಬಂದು ಕುರ್ಚಿ ಎಳೆದು ಕೂತರು. “ಏನ್ರೀ ಸರ, ಎಂಟ್ ದಿನ ನಾ ಊರಾಗ ಇದ್ದಿಲ್ರೀ. ಮನ್ಯಾಗ ನಮ್ಮವ್ವ ಒಬ್ಬಾಕಿನ ಇದ್ಲು. ಡೇಟಾ ಎಲ್ಲಾ ಖಾಲಿ ಆಗೇತಿ ಅಂತ ಮೆಸೇಜ್ ಬಂದೈತಿ. ಹ್ಯಾಂಗ್ರೀ?”

ರೇಡಿಯಸ್ (ಯಾರು ಲಾಗಿನ್ ಆದರು, ಎಷ್ಟು ಬಳಸಿದರು ಎಂದು ನೋಡಿಕೊಳ್ಳುವ ವ್ಯವಸ್ಥೆ) ಲೆಕ್ಕ ತೆಗೆದು ನೋಡಿದೆ. ಒಂದೇ ಸೆಷನ್‌ಗೆ, ಅಂದರೆ ಕನೆಕ್ಟ್ ಆದಾಗಿನಿಂದ ಬಿಡುವವರೆಗಿನ ಒಂದು ಸಂಪರ್ಕಕ್ಕೆ, ಎರಡು ಸಾಲು. ಆರಂಭದ ಸಮಯದಲ್ಲಿ 4 ಸೆಕೆಂಡ್ ವ್ಯತ್ಯಾಸ ಬಿಟ್ಟರೆ ಉಳಿದದ್ದೆಲ್ಲ ಒಂದೇ: ಅದೇ ಐಪಿ, ಅದೇ ಬೈಟ್‌ಗಳು. ನಮ್ಮ ರಿಪೋರ್ಟ್ ಎರಡನ್ನೂ ಕೂಡಿಸಿ ಅವರವ್ವನ ಮೇಲೆ ಹಾಕಿತ್ತು! ತಪ್ಪು ನಮ್ಮದೇ. ಡೇಟಾ ವಾಪಸ್ ಹಾಕಿಕೊಟ್ಟು, ಚಹಾ ಕುಡಿಸಿ ಕಳಿಸಿದೆವು.

ಆಮೇಲೆ ಇದರ ಬೆನ್ನು ಹತ್ತಿ ಮಾಡಿದ ಕೆಲಸವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಫ್ರೀರೇಡಿಯಸ್ ಎಂಬ ರೇಡಿಯಸ್ ಸರ್ವರ್ ಜೊತೆ ಮೈಎಸ್‌ಕ್ಯುಎಲ್ ಅಥವಾ ಪೋಸ್ಟ್‌ಗ್ರೆಸ್ ಡೇಟಾಬೇಸ್ ಇಟ್ಟುಕೊಂಡು ಇಂಟರ್ನೆಟ್ ಕೊಡುವ ಸಣ್ಣ ಆಪರೇಟರ್‌ಗಳಿಗೆ, ಕಾಲೇಜು ಹಾಸ್ಟೆಲ್ ವೈಫೈ ನೋಡಿಕೊಳ್ಳುವವರಿಗೆ ಇದು ನೇರವಾಗಿ ಹೊಂದುತ್ತದೆ. ಕಮಾಂಡುಗಳನ್ನು ಮಾತಿನಲ್ಲೇ ಹೇಳುತ್ತೇನೆ. ತರ್ಕ ಹಿಡಿದರೆ ಕ್ವೆರಿ ಬರೆಯುವುದು ಹತ್ತು ನಿಮಿಷದ ಕೆಲಸ.

ಹಂತ 1: ಡಬಲ್ ಎಲ್ಲಿಂದ ಹುಟ್ಟುತ್ತದೆ?

ಗ್ರಾಹಕ ಕನೆಕ್ಟ್ ಆದಾಗ ರೌಟರ್ ಒಂದು ‘ಸ್ಟಾರ್ಟ್’ ಕಳಿಸುತ್ತದೆ. ನಡುವೆ ಆಗಾಗ ‘ಇಂಟರಿಮ್’ (ಈವರೆಗಿನ ಬಳಕೆಯ ಲೆಕ್ಕ) ಬರುತ್ತದೆ. ಮುಗಿದಾಗ ‘ಸ್ಟಾಪ್’. ಇದೆಲ್ಲ ಯುಡಿಪಿ ಮೇಲೆ, 1813ನೇ ಪೋರ್ಟಿಗೆ ಬರುತ್ತದೆ. ಯುಡಿಪಿ ಅಂದರೆ ರಸೀದಿ ಇಲ್ಲದ ಟಪಾಲು. ಅದಕ್ಕೇ ಸರ್ವರ್ ‘ಸಿಕ್ಕಿತು’ ಎಂದು ಉತ್ತರ ಕೊಡಬೇಕು. ಕೊಡದಿದ್ದರೆ ರೌಟರ್ ಮತ್ತೆ ಕಳಿಸುತ್ತದೆ. ವಿಜಯಪುರದವನಾಗಿ ಗೋಳಗುಮ್ಮಟದ ಹೆಸರು ಹೇಳದಿದ್ದರೆ ಹೇಗೆ? ಅಲ್ಲಿ ಒಮ್ಮೆ ಚಪ್ಪಾಳೆ ತಟ್ಟಿದರೆ ಮತ್ತೆ ಮತ್ತೆ ಕೇಳುತ್ತದೆ. ಆದರೆ ಚಪ್ಪಾಳೆ ತಟ್ಟಿದವರು ಒಬ್ಬರೇ ಅಲ್ವಾ?

ಸರ್ವರ್‌ಗೆ ಈ ಮರುದನಿ ಗೊತ್ತಾಗುವುದಿಲ್ಲವೇ? ಒಂದು ಮಟ್ಟಿಗೆ ಗೊತ್ತಾಗುತ್ತದೆ. ಪ್ರತಿ ಪ್ಯಾಕೆಟ್‌ಗೂ ಒಂದು ಸಣ್ಣ ಗುರುತಿನ ಸಂಖ್ಯೆ ಇರುತ್ತದೆ. ಅದೇ ಐಪಿ, ಅದೇ ಪೋರ್ಟಿನಿಂದ ಅದೇ ಸಂಖ್ಯೆ ಸ್ವಲ್ಪ ಹೊತ್ತಿನಲ್ಲೇ ಮತ್ತೆ ಬಂದರೆ ಅದು ಹಳೆಯದೇ ಎಂದು ಸರ್ವರ್ ಹಿಡಿಯಬಲ್ಲದು. ಆದರೆ ಇಲ್ಲೊಂದು ಕೊಕ್ಕೆ ಇದೆ. ಈ ಲೆಕ್ಕದ, ಅಂದರೆ ಅಕೌಂಟಿಂಗ್ ಪ್ಯಾಕೆಟ್‌ನಲ್ಲಿ ‘ಡಿಲೇ ಟೈಮ್’ ಎಂಬ ಅಂಶ ಇರುತ್ತದೆ, ಅಂದರೆ ‘ಈ ಸುದ್ದಿ ಎಷ್ಟು ಸೆಕೆಂಡ್ ಹಳೆಯದು’ ಎಂದು. ಮತ್ತೆ ಕಳಿಸುವಾಗ ರೌಟರ್ ಅದನ್ನು 0 ಇದ್ದದ್ದು 4 ಎಂದು ತಿದ್ದುತ್ತದೆ. ಒಳಗಿನದು ಬದಲಾದರೆ ಗುರುತಿನ ಸಂಖ್ಯೆಯೂ ಬದಲಾಗಲೇಬೇಕು. 2000ನೇ ಇಸವಿಯ ಆರ್‌ಎಫ್‌ಸಿ 2866 (ರೇಡಿಯಸ್ ಲೆಕ್ಕದ ನಿಯಮಗಳ ದಾಖಲೆ) ಹೇಳುವ ನಿಯಮವೇ ಹಾಗಿದೆ. ಹಾಗಾಗಿ ಸರ್ವರ್ ಕಣ್ಣಿಗೆ ಅದು ಹೊಚ್ಚಹೊಸ ಪ್ಯಾಕೆಟ್. ನಮ್ಮ ವ್ಯಾಪಾರಿಯ 4 ಸೆಕೆಂಡ್ ಬಂದದ್ದು ಹೀಗೆ.

ಅಂದರೆ ಪ್ಯಾಕೆಟ್ ಎರಡು ಸಲ ಬರುವುದನ್ನು ಪೂರ್ತಿ ನಿಲ್ಲಿಸಲು ಆಗದು. ಎರಡು ಸಲ ಬಂದರೂ ಸಾಲು ಒಂದೇ ಆಗುವಂತೆ ಟೇಬಲ್ ಕಟ್ಟಬೇಕು.

ಹಂತ 2: ನಿಮ್ಮ ಟೇಬಲ್‌ನಲ್ಲಿ ಏನಿದೆ ನೋಡಿ

ಫ್ರೀರೇಡಿಯಸ್ ಸೆಷನ್ ಲೆಕ್ಕ ಬರೆಯುವ ರಾಡ್‌ಅಕ್ಟ್ ಟೇಬಲ್‌ನಲ್ಲಿ ಯೂಸರ್‌ನೇಮ್, ಸೆಷನ್ ಐಡಿ, ರೌಟರ್ ಐಪಿ ಈ ಮೂರರ ಮೇಲೆ ಗ್ರೂಪ್ ಮಾಡಿ, ಒಂದಕ್ಕಿಂತ ಜಾಸ್ತಿ ಸಾಲು ಇರುವ ಗುಂಪುಗಳನ್ನು ತೆಗೆಯಿರಿ. ಯೂನಿಕ್ ಐಡಿ (ಸೆಷನ್‌ಗೆ ಸರ್ವರ್ ಕಟ್ಟುವ ಗುರುತು) ಕಾಲಮ್ ಮೇಲೆ ಮಾತ್ರ ಗ್ರೂಪ್ ಮಾಡಬೇಡಿ. ಅವಳಿ ಸಾಲುಗಳಿಗೆ ಬೇರೆ ಬೇರೆ ಯೂನಿಕ್ ಐಡಿ ಬಿದ್ದಿರುವ ಸಾಧ್ಯತೆಯೂ ಇದೆ. ಇದೇ ಕ್ವೆರಿಯನ್ನು ರೌಟರ್ ಐಪಿ ಬಿಟ್ಟೂ ಒಮ್ಮೆ ಓಡಿಸಿ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಈಗ ಸಿಕ್ಕ ಗುಂಪುಗಳೆಲ್ಲ ಡಬಲ್ ಎಂದು ತಿಳಿಯಬೇಡಿ. ಒಂದು ಸುಲಭ ಪರೀಕ್ಷೆ ಇದೆ. ಪ್ರತಿ ಸಾಲಿನ ಕೊನೆಯ ಅಪ್‌ಡೇಟ್ ಸಮಯದಿಂದ ಸೆಷನ್ ಅವಧಿಯನ್ನು ಕಳೆಯಿರಿ. ಎರಡೂ ಸಾಲಿನಲ್ಲಿ ಹೆಚ್ಚುಕಡಿಮೆ ಒಂದೇ ಆರಂಭ ಬಂದರೆ ಅವು ಅವಳಿ. ಆರಂಭದಲ್ಲಿ ದಿನಗಟ್ಟಲೆ ವ್ಯತ್ಯಾಸ ಇದ್ದರೆ ಅವು ಬೇರೆ ಬೇರೆ ಸೆಷನ್, ಸೆಷನ್ ಐಡಿ ಮಾತ್ರ ಮರುಬಳಕೆ ಆಗಿದೆ.

ಇನ್ನೊಂದು ಜಾತಿ ಇದೆ: ಸ್ಟಾಪ್ ಬಾರದೆ ತೆರೆದೇ ಉಳಿದ ಸಾಲು. ಮೇ ತಿಂಗಳ ಅಡ್ಡಮಳೆಗೆ ಕರೆಂಟ್ ಹೋಗುತ್ತದೆ, ಟವರ್ ಬ್ಯಾಟರಿ ಮುಗಿಯುತ್ತದೆ, ರೌಟರ್ ಸ್ಟಾಪ್ ಕಳಿಸುವ ಮೊದಲೇ ಸತ್ತಿರುತ್ತದೆ. ಕರೆಂಟ್ ಬಂದ ಮೇಲೆ ಹೊಸ ಸೆಷನ್, ಹೊಸ ಸಾಲು. ಹಳೆಯದು ಹಾಗೇ ಬಾಯಿ ತೆರೆದುಕೊಂಡಿರುತ್ತದೆ. ಇದು ಡಬಲ್ ಅಲ್ಲ. ಇದರ ಮದ್ದೇ ಬೇರೆ, ಕೊನೆಗೆ ಹೇಳುತ್ತೇನೆ.

ಹಂತ 3: ‘ಒಂದೇ ಸೆಷನ್’ ಅಂದರೆ ಏನು ಎಂದು ತೀರ್ಮಾನ ಮಾಡಿ

ಇಡೀ ಕೆಲಸದ ಜೀವ ಇಲ್ಲಿದೆ. ಉಳಿದದ್ದನ್ನು ಯಾರು ಬೇಕಾದರೂ ಮಾಡಬಹುದು.

ನಮ್ಮ ಕಡೆ ಮದುವೆಯಲ್ಲಿ ಆಯೇರಿ (ಮುಯ್ಯಿ) ಬರೆಯುವುದನ್ನು ನೋಡಿದ್ದೀರಲ್ಲ. ‘ಬಸವರಾಜ, 501’ ಎಂದಷ್ಟೇ ಬರೆದರೆ ಮುಗೀತು. ಮುಂದಿನ ಸಲ ಯಾವ ಬಸವರಾಜನಿಗೆ ತಿರುಗಿ ಮಾಡಬೇಕು? ಅದಕ್ಕೇ ಹೆಸರು, ತಂದೆ ಹೆಸರು, ಊರು ಮೂರನ್ನೂ ಬರೆಯುತ್ತಾರೆ. ಹಾಗಂತ ಅವತ್ತು ಹಾಕಿಕೊಂಡಿದ್ದ ಅಂಗಿಯ ಬಣ್ಣ ಬರೆದರೆ? ಮುಂದಿನ ಮದುವೆಯಲ್ಲಿ ಅದೇ ಮನುಷ್ಯ ಹೊಸಬನಾಗಿ ಕಾಣುತ್ತಾನೆ. ಗುರುತು ಕಡಿಮೆಯಾದರೆ ಇಬ್ಬರು ಒಬ್ಬರಾಗುತ್ತಾರೆ. ಬದಲಾಗುವುದನ್ನು ಗುರುತು ಮಾಡಿಕೊಂಡರೆ ಒಬ್ಬ ಇಬ್ಬರಾಗುತ್ತಾನೆ.

ಸೆಷನ್ ಐಡಿ ಒಂದೇ ಸಾಲದು. ಅದು ಒಂದು ರೌಟರ್‌ನ ಒಳಗಿನ ಸಂಖ್ಯೆ. ಇಂಡಿಯ ರೌಟರ್‌ಗೂ ಸಿಂದಗಿಯ ರೌಟರ್‌ಗೂ ಒಂದೇ ಐಡಿ ಬರಬಹುದು. ಆರ್‌ಎಫ್‌ಸಿ 2866 ಒಂದು ಉದಾಹರಣೆ ಕೊಡುತ್ತದೆ: 8 ಹೆಕ್ಸ್ ಅಂಕಿಗಳಲ್ಲಿ ಮೊದಲ 2 ಅಂಕಿ ರೌಟರ್ ರೀಬೂಟ್ ಆದಾಗಲೆಲ್ಲ ಏರಲಿ, ಉಳಿದ 6 ಅಂಕಿ ಸೊನ್ನೆಯಿಂದ ಎಣಿಸಲಿ ಎಂದು. ಹಾಗೆ ಮಾಡಿದರೂ 256 ರೀಬೂಟ್ ಆದ ಮೇಲೆ ಸುತ್ತು ಮತ್ತೆ ಶುರು. ಎಲ್ಲ ರೌಟರ್‌ಗಳೂ ಈ ಉದಾಹರಣೆಯನ್ನು ಪಾಲಿಸುತ್ತವೆ ಎಂದೂ ಇಲ್ಲ.

ಫ್ರೀರೇಡಿಯಸ್ 3ನೇ ಆವೃತ್ತಿಯಲ್ಲಿ ಪಾಲಿಸಿ ಫೋಲ್ಡರ್‌ನ ಅಕೌಂಟಿಂಗ್ ಫೈಲ್ ತೆರೆಯಿರಿ. ‘ಅಕ್ಟ್ ಯೂನಿಕ್’ ಎಂಬ ಪಾಲಿಸಿ ಇದೆ. ಅದು ಯೂಸರ್‌ನೇಮ್, ಸೆಷನ್ ಐಡಿ, ರೌಟರ್ ಐಪಿ, ರೌಟರ್ ಹೆಸರು, ಪೋರ್ಟ್ ಇತ್ಯಾದಿ ಸೇರಿಸಿ ಎಂಡಿ5 ಎಂಬ ಸೂತ್ರದಲ್ಲಿ ಅರೆದು 32 ಅಕ್ಷರದ ಯೂನಿಕ್ ಐಡಿ ಕೊಡುತ್ತದೆ. ಈ ಪಾಲಿಸಿಯನ್ನು ಪ್ರೀಅಕ್ಟ್ ವಿಭಾಗದಲ್ಲಿ ಕರೆದಿರಬೇಕು. ಯಾರೋ ಕಾಮೆಂಟ್ ಮಾಡಿ ಬಿಟ್ಟಿದ್ದಾರಾ ನೋಡಿ.

ಈ ಪಟ್ಟಿಯ ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಕೇಳಿ: ಸ್ಟಾರ್ಟ್‌ನಿಂದ ಸ್ಟಾಪ್‌ವರೆಗೆ ಇದು ಬದಲಾಗದೆ ಇರುತ್ತದಾ?

ವ್ಯಾಪಾರಿಯದ್ದು ಬಿಟ್ಟು ನಮ್ಮಲ್ಲಿ ಇನ್ನೊಂದು ಬಗೆಯ ಡಬಲ್ ಕೂಡ ಇತ್ತು. ಅಲ್ಲಿ ಬದಲಾಗಿದ್ದು ರೌಟರ್ ಐಪಿ. ಒಂದು ಲೈನ್ ಸೊಲ್ಲಾಪುರ ಕಡೆಯಿಂದ, ಇನ್ನೊಂದು ಹುಬ್ಬಳ್ಳಿ ಕಡೆಯಿಂದ. ಒಂದು ಕಡೆ ಜೆಸಿಬಿ ಫೈಬರ್ ಕಿತ್ತರೆ ರೌಟರ್ ಇನ್ನೊಂದು ಕಡೆಯಿಂದ ಮಾತಾಡುತ್ತದೆ, ಆಗ ಪ್ಯಾಕೆಟ್‌ನೊಳಗಿನ ಅದರ ಐಪಿಯೂ ಬೇರೆ. ಎಂಡಿ5 ಬೇರೆ ಬಂತು. ಇಂಟರಿಮ್‌ಗೆ ಹಳೆಯ ಸಾಲು ಸಿಗಲಿಲ್ಲ, ಹೊಸ ಸಾಲು ಹುಟ್ಟಿತು. ಆನ್‌ಲೈನ್ ಇದ್ದ ಗ್ರಾಹಕರೆಲ್ಲರಿಗೂ ಒಟ್ಟಿಗೆ ಡಬಲ್! ರೌಟರ್ ಐಪಿ ಬಿಟ್ಟು ಗ್ರೂಪ್ ಮಾಡಿ ಎಂದಿದ್ದು ಇದನ್ನು ಹಿಡಿಯಲಿಕ್ಕೇ. ಪರಿಹಾರ: ರೌಟರ್‌ನ ರೇಡಿಯಸ್ ಸೆಟ್ಟಿಂಗ್‌ನಲ್ಲಿ ಸೋರ್ಸ್ ಅಡ್ರೆಸ್ ಅನ್ನು ಲೂಪ್‌ಬ್ಯಾಕ್ ಐಪಿಗೆ (ಯಾವ ಲೈನ್‌ಗೂ ಅಂಟದ, ರೌಟರ್‌ನ ಒಳಗಿನ ವಿಳಾಸ) ಕಟ್ಟಿಹಾಕಿ. ಲೈನ್ ಯಾವುದೇ ಇರಲಿ, ರೌಟರ್‌ನ ಗುರುತು ಒಂದೇ ಇರಲಿ.

ಐಡಿ ಮರುಬಳಕೆಯ ಭಯ ಇದ್ದರೆ ‘ಕ್ಲಾಸ್’ ಉಪಾಯ ಚೆನ್ನ. ಲಾಗಿನ್ ಒಪ್ಪಿಕೊಳ್ಳುವಾಗಲೇ ಸರ್ವರ್ ಒಂದು ಹೊಸ ಗುರುತನ್ನು ಕ್ಲಾಸ್ ಎಂಬ ಅಂಶದಲ್ಲಿ ಕೊಟ್ಟು ಕಳಿಸುತ್ತದೆ. ರೌಟರ್ ಅದನ್ನು ತಿದ್ದದೆ ಪ್ರತಿ ಅಕೌಂಟಿಂಗ್ ಪ್ಯಾಕೆಟ್‌ನಲ್ಲಿ ಮರಳಿಸಬೇಕು. ಅದೇ ಪಾಲಿಸಿ ಫೈಲ್‌ನಲ್ಲಿ ‘ಇನ್ಸರ್ಟ್ ಅಕ್ಟ್ ಕ್ಲಾಸ್’ ಇದೆ, ಪೋಸ್ಟ್‌ಆಥ್‌ನಲ್ಲಿ ಅದನ್ನು ಕರೆಯಿರಿ. ಕರೆದ ಮೇಲೆ ರೌಟರ್ ನಿಜಕ್ಕೂ ಮರಳಿಸುತ್ತಿದೆಯಾ ಎಂದು ಡಿಬಗ್ ಮೋಡ್‌ನಲ್ಲಿ ಕಣ್ಣಾರೆ ನೋಡಿ.

ಸಮಯವನ್ನು ಗುರುತಿನೊಳಗೆ ಸೇರಿಸಲು ಹೋಗಬೇಡಿ. ಎನ್‌ಟಿಪಿ (ನೆಟ್‌ವರ್ಕ್‌ನಿಂದ ಗಡಿಯಾರ ಸರಿಪಡಿಸುವ ವ್ಯವಸ್ಥೆ) ಇಲ್ಲದ ರೌಟರ್ ಕರೆಂಟ್ ಬಂದಾಗ 1970ರಲ್ಲಿ ಎಚ್ಚರವಾಗುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಂತ 4: ಹಳೆಯದನ್ನು ತೊಳೆಯಿರಿ

ಮೊದಲು ಬ್ಯಾಕಪ್. ಅದನ್ನು ಬೇರೆ ಮಷೀನ್‌ನಲ್ಲಿ ತೆರೆದು ನೋಡಿದ ಮೇಲೆಯೇ ಮುಂದಿನದು. ಇವು ಸುಮ್ನೆ ಬಿಲ್ಲಿನ ಕಾಗದ ಅಲ್ಲ. 2021ರ ಡಿಸೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ ಲೈಸೆನ್ಸ್ ಷರತ್ತು ಬದಲಿಸಿ, ಇಂಥ ದಾಖಲೆಗಳನ್ನು ಕನಿಷ್ಠ 2 ವರ್ಷ ಇಡಬೇಕು ಎಂದಿದೆ. ‘ಇಂಥ ದಿನ ಇಷ್ಟು ಹೊತ್ತಿಗೆ ಈ ಐಪಿ ಯಾರ ಹತ್ತಿರ ಇತ್ತು’ ಎಂದು ಪೊಲೀಸರು ಕೇಳಿದರೆ ಉತ್ತರ ಕೊಡುವುದು ಇದೇ ಟೇಬಲ್. ಹಾಗಾಗಿ ಅಳಿಸುವ ಸಾಲುಗಳನ್ನು ಮೊದಲು ಒಂದು ಪಕ್ಕದ ಟೇಬಲ್‌ಗೆ ನಕಲು ಮಾಡಿಡಿ.

ಅವಳಿಗಳಲ್ಲಿ ಯಾವುದನ್ನು ಉಳಿಸಬೇಕು? ಬೈಟ್ ಎಣಿಕೆ ಜಾಸ್ತಿ ಇರುವುದನ್ನು. ಆರಂಭದ ಸಮಯ ಎರಡರಲ್ಲಿ ಮೊದಲಿನದು, ಮುಕ್ತಾಯ ಇದ್ದರೆ ಕೊನೆಯದು. ಎರಡನ್ನೂ ಕೂಡಿಸುವ ಯೋಚನೆ ಬೇಡ. ರೌಟರ್ ಪ್ರತಿ ಇಂಟರಿಮ್‌ನಲ್ಲಿ ಕಳಿಸುವುದು ಸೆಷನ್ ಆರಂಭದಿಂದ ಈವರೆಗಿನ ಒಟ್ಟು ಮೊತ್ತ. ಆಟೋ ಮೀಟರ್ ಇದ್ದ ಹಾಗೆ. ಎರಡು ಸಲ ನೋಡಿದ ಮಾತ್ರಕ್ಕೆ ಎರಡು ಬಾಡಿಗೆ ಆಗುವುದಿಲ್ಲ.

‘ಜಾಸ್ತಿ ಇರುವುದನ್ನು’ ಎಂದಿದ್ದರಲ್ಲಿ ಒಂದು ಎಚ್ಚರಿಕೆ ಇದೆ. ಮೂಲ ಬೈಟ್ ಕೌಂಟರ್ 32 ಬಿಟ್‌ನದು. 4,29,49,67,296 ಬೈಟ್, ಅಂದರೆ 4 ಜಿಬಿ ಮುಟ್ಟಿದ ಕೂಡಲೇ ಸೊನ್ನೆಗೆ ಬರುತ್ತದೆ. 100 ಎಂಬಿಪಿಎಸ್ ಪೂರ್ತಿ ಎಳೆದರೆ ಆರು ನಿಮಿಷವೂ ಬೇಡ. ಎಷ್ಟು ಸುತ್ತು ಆಯಿತು ಎನ್ನುವುದು ‘ಗಿಗಾವರ್ಡ್ಸ್’ ಎಂಬ ಬೇರೆ ಅಂಶದಲ್ಲಿರುತ್ತದೆ. ನಿಮ್ಮ ಕ್ವೆರಿ ಅದನ್ನು ಸೇರಿಸದಿದ್ದರೆ ದೊಡ್ಡ ಸಂಖ್ಯೆಯೇ ಹಳೆಯದಾಗಿರಬಹುದು. ಅಂಥ ಟೇಬಲ್‌ನಲ್ಲಿ ಬೈಟ್ ನಂಬದೆ ಸೆಷನ್ ಅವಧಿ ಜಾಸ್ತಿ ಇರುವ ಸಾಲನ್ನು ಉಳಿಸಿ.

ಬೆಳಗಿನ ಜಾವ, ಸಾವಿರ ಸಾವಿರ ಸಾಲಿನಂತೆ ಅಳಿಸಿ. ಒಂದೇ ಏಟಿಗೆ ಲಕ್ಷಗಟ್ಟಲೆ ಅಳಿಸಿದರೆ ಟೇಬಲ್ ಲಾಕ್ ಆಗಿ, ಸರ್ವರ್ ಉತ್ತರ ಕೊಡದೆ, ಮತ್ತಷ್ಟು ಮರುಪ್ಯಾಕೆಟ್ ಬರುತ್ತವೆ.

ಹಂತ 5: ಬೀಗ ಹಾಕಿ

ಯೂನಿಕ್ ಐಡಿ ಕಾಲಮ್ ಮೇಲೆ ಯೂನಿಕ್ ಇಂಡೆಕ್ಸ್ (ಒಂದೇ ಐಡಿ ಎರಡು ಸಾಲಿನಲ್ಲಿ ಬರದಂತೆ ತಡೆಯುವ ಬೀಗ) ಹಾಕಿ. ಈಗಿನ ಫ್ರೀರೇಡಿಯಸ್ ಸ್ಕೀಮಾದಲ್ಲಿ ಅದು ಇದ್ದೇ ಇರುತ್ತದೆ. ಆದರೆ ವರ್ಷಾನುಗಟ್ಟಲೆ ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಸಾಗಿಸಿಕೊಂಡು ಬಂದ ಟೇಬಲ್‌ನಲ್ಲಿ ಬರೀ ಸಾದಾ ಇಂಡೆಕ್ಸ್ ಇರಬಹುದು. ನಮ್ಮದು ಹಾಗೇ ಇತ್ತು. ಅದಕ್ಕೇ ಎರಡು ಸ್ಟಾರ್ಟ್ ಎರಡು ಸಾಲಾದವು, ಆಮೇಲೆ ಇಂಟರಿಮ್ ಬಂದಾಗಲೆಲ್ಲ ಎರಡೂ ಸಾಲು ಜೋಡಿ ಎತ್ತಿನಂತೆ ಒಟ್ಟಿಗೆ ಬೆಳೆದವು.

ಬೀಗ ಹಾಕಿದರೂ ಬಾಗಿಲು ತೆರೆದಿರುವ ಎರಡು ಸಂದರ್ಭ ಇವೆ. ಒಂದು, ಕಾಲಮ್ ‘ನಲ್’ (ಖಾಲಿ) ಒಪ್ಪುವಂತಿದ್ದರೆ. ಮೈಎಸ್‌ಕ್ಯುಎಲ್, ಪೋಸ್ಟ್‌ಗ್ರೆಸ್ ಎರಡರಲ್ಲೂ ಯೂನಿಕ್ ಇಂಡೆಕ್ಸ್ ಎಷ್ಟು ನಲ್ ಬಂದರೂ ಸುಮ್ಮನೆ ಬಿಡುತ್ತದೆ. ‘ನಾಟ್ ನಲ್’ ಮಾಡಿ. ಎರಡು, ಟೇಬಲ್ ಅನ್ನು ಆರಂಭದ ಸಮಯ ನೋಡಿ ತಿಂಗಳವಾರು ಪಾರ್ಟಿಷನ್ ಮಾಡಿದ್ದರೆ, ಅಂದರೆ ತುಂಡು ಮಾಡಿಟ್ಟಿದ್ದರೆ. ಪಾರ್ಟಿಷನ್ ಮಾಡಿದ ಕಾಲಮ್ ಯೂನಿಕ್ ಇಂಡೆಕ್ಸ್‌ನ ಒಳಗೂ ಇರಲೇಬೇಕು ಎನ್ನುತ್ತವೆ ಇವು. ಆಗ ಆರಂಭದ ಸಮಯವೂ ಗುರುತಿನ ಭಾಗವಾಗಿ, 4 ಸೆಕೆಂಡ್ ವ್ಯತ್ಯಾಸದ ಅವಳಿ ಮತ್ತೆ ಒಳಗೆ ಬರುತ್ತದೆ. ಸಣ್ಣ ಆಪರೇಟರ್‌ಗೆ ನನ್ನ ಸಲಹೆ: ಚಾಲ್ತಿ ಟೇಬಲ್‌ಗೆ ಪಾರ್ಟಿಷನ್ ಬೇಡ. ಮುಗಿದ ಸೆಷನ್‌ಗಳನ್ನು ತಿಂಗಳಿಗೊಮ್ಮೆ ಬೇರೆ ಟೇಬಲ್‌ಗೆ ಸಾಗಿಸಿ.

ಇನ್ನು ನಾನು ಪೆಟ್ಟು ತಿಂದು ಕಲಿತದ್ದು. ಎಂಡಿ5 ಸೂತ್ರವನ್ನು ಗ್ರಾಹಕರು ಆನ್‌ಲೈನ್ ಇರುವಾಗಲೇ ಬದಲಿಸಬೇಡಿ. ಬದಲಿಸಿದ ಮರುಕ್ಷಣ ಬರುವ ಪ್ರತಿ ಇಂಟರಿಮ್‌ಗೂ ಹೊಸ ಯೂನಿಕ್ ಐಡಿ ಹುಟ್ಟುತ್ತದೆ, ಹಳೆಯ ಸಾಲು ಸಿಗದೆ ಹೊಸದು ಸೇರುತ್ತದೆ. ಡಬಲ್ ತಡೆಯಲು ಹೋಗಿ ಅರ್ಧ ಗಂಟೆಯಲ್ಲಿ ಎಲ್ಲರನ್ನೂ ಡಬಲ್ ಮಾಡಿದ ಪುಣ್ಯಾತ್ಮ ನಾನೇ. ನಸುಕಿನ 4 ಗಂಟೆಗೆ ಸೆಷನ್‌ಗಳನ್ನೆಲ್ಲ ಕಡಿದು, ತೆರೆದ ಸಾಲುಗಳನ್ನು ಮುಚ್ಚಿ, ಆಮೇಲೆ ಸೂತ್ರ ಬದಲಿಸಿ.

ಹಂತ 6: ಕ್ವೆರಿಗಳು ಯಾವ ಕ್ರಮದಲ್ಲಿ ಬಂದರೂ ತಡೆದುಕೊಳ್ಳಲಿ

ಯುಡಿಪಿಯಲ್ಲಿ ಸ್ಟಾಪ್ ಮೊದಲು ಬಂದು ಸ್ಟಾರ್ಟ್ ಆಮೇಲೆ ಬರಬಹುದು. ಹಾಗಾಗಿ ಮೂರು ಬಗೆಯ ಪ್ಯಾಕೆಟ್‌ಗೂ ‘ಇದ್ದರೆ ತಿದ್ದು, ಇಲ್ಲದಿದ್ದರೆ ಸೇರಿಸು’ ಎಂಬ ನಡೆ ಬೇಕು. ಮೈಎಸ್‌ಕ್ಯುಎಲ್‌ನಲ್ಲಿ ‘ಇನ್ಸರ್ಟ್ ಆನ್ ಡುಪ್ಲಿಕೇಟ್ ಕೀ ಅಪ್‌ಡೇಟ್’, ಪೋಸ್ಟ್‌ಗ್ರೆಸ್ 9.5ರಿಂದ ‘ಆನ್ ಕಾನ್‌ಫ್ಲಿಕ್ಟ್ ಡು ಅಪ್‌ಡೇಟ್’.

ತಿದ್ದುವಾಗ ಏನನ್ನು ಮುಟ್ಟಬಾರದು ಎನ್ನುವುದು ಮುಖ್ಯ. ತಡವಾಗಿ ಬಂದ ಸ್ಟಾರ್ಟ್, ಮುಕ್ತಾಯದ ಸಮಯವನ್ನು ಖಾಲಿ ಮಾಡಬಾರದು. ತಡವಾಗಿ ಬಂದ ಇಂಟರಿಮ್, ದೊಡ್ಡ ಎಣಿಕೆಯ ಮೇಲೆ ಸಣ್ಣದನ್ನು ಬರೆಯಬಾರದು. ಬೈಟ್‌ಗಳಿಗೂ ಅವಧಿಗೂ ‘ಗ್ರೇಟೆಸ್ಟ್’ ಬಳಸಿ. ಮೈಎಸ್‌ಕ್ಯುಎಲ್‌ನ ಗ್ರೇಟೆಸ್ಟ್‌ಗೆ ಒಂದು ನಲ್ ಸಿಕ್ಕರೆ ಉತ್ತರವೇ ನಲ್, ಹಾಗಾಗಿ ‘ಕೋಅಲೆಸ್’ನಿಂದ ಸೊನ್ನೆ ಮಾಡಿ ಕೊಡಿ.

‘ಇನ್ಸರ್ಟ್ ಇಗ್ನೋರ್’ ನನಗೆ ಹಿಡಿಸುವುದಿಲ್ಲ. ಡಬಲ್ ಜೊತೆಗೆ ಬೇರೆ ತಪ್ಪುಗಳನ್ನೂ ಎಚ್ಚರಿಕೆಯ ಮಟ್ಟಕ್ಕೆ ಇಳಿಸಿ ನುಂಗಿಬಿಡುತ್ತದೆ. ‘ಮೊದಲು ಸೆಲೆಕ್ಟ್ ಮಾಡಿ ನೋಡು, ಇಲ್ಲದಿದ್ದರೆ ಸೇರಿಸು’ ಎಂದು ಸ್ವಂತ ಸ್ಕ್ರಿಪ್ಟ್ ಬರೆಯುವವರೂ ಇದ್ದಾರೆ. ಎರಡು ಪ್ಯಾಕೆಟ್ ಒಂದೇ ಗಳಿಗೆಯಲ್ಲಿ ಬಂದರೆ ಇಬ್ಬರೂ ನೋಡುತ್ತಾರೆ, ಇಬ್ಬರಿಗೂ ಇಲ್ಲ ಎನಿಸುತ್ತದೆ, ಇಬ್ಬರೂ ಸೇರಿಸುತ್ತಾರೆ. ತೀರ್ಪು ಡೇಟಾಬೇಸ್‌ಗೇ ಬಿಡಿ.

ಹಂತ 7: ಬೇಗ ಉತ್ತರ ಕೊಡಿ

ಮರುಪ್ಯಾಕೆಟ್ ಕಡಿಮೆ ಆಗಬೇಕಾದರೆ ಸರ್ವರ್ ತಡಮಾಡಬಾರದು. 3,000 ಗ್ರಾಹಕರು, 5 ನಿಮಿಷಕ್ಕೊಂದು ಇಂಟರಿಮ್ ಅಂದರೆ ಸೆಕೆಂಡಿಗೆ 10 ಬರಹ. 10 ನಿಮಿಷಕ್ಕೊಂದು ಮಾಡಿದರೆ ಅರ್ಧಕ್ಕೆ ಇಳಿಯುತ್ತದೆ. ಆರ್‌ಎಫ್‌ಸಿ 2869 ಕೂಡ ಈ ಅಂತರ 60 ಸೆಕೆಂಡಿಗಿಂತ ಕಡಿಮೆ ಇರಲೇಬಾರದು, 600ಕ್ಕಿಂತ ಕಡಿಮೆ ಇರದಿದ್ದರೆ ಒಳ್ಳೆಯದು ಎನ್ನುತ್ತದೆ. ನಮ್ಮಲ್ಲಿ ಒಂದನೇ ತಾರೀಖಿನ ಬಿಲ್ ರಿಪೋರ್ಟ್ ಓಡುವಾಗ ಡೇಟಾಬೇಸ್ ಉಸಿರುಗಟ್ಟುತ್ತಿತ್ತು, ಡಬಲ್‌ಗಳೆಲ್ಲ ಹೆಚ್ಚಾಗಿ ಅವತ್ತೇ. ರಿಪೋರ್ಟ್ ಅನ್ನು ರೆಪ್ಲಿಕಾ (ಡೇಟಾಬೇಸ್‌ನ ಚಾಲ್ತಿ ನಕಲು) ಮೇಲೆ ಓಡಿಸಿದೆವು.

ಇನ್ನೂ ಗಟ್ಟಿ ಬೇಕಾದರೆ ಫ್ರೀರೇಡಿಯಸ್ ಜೊತೆಗೇ ಬರುವ ‘ಬಫರ್ಡ್ ಎಸ್‌ಕ್ಯುಎಲ್’ ಮಾದರಿ ಬಳಸಿ. ಪ್ಯಾಕೆಟ್ ಬಂದ ಕೂಡಲೇ ಡೀಟೇಲ್ ಫೈಲ್‌ಗೆ ಬರೆದು ಉತ್ತರ ಕೊಟ್ಟುಬಿಡುತ್ತದೆ. ಡೇಟಾಬೇಸ್‌ಗೆ ಸಾಗಿಸುವುದು ಆಮೇಲೆ, ನಿಧಾನಕ್ಕೆ.

ಎರಡು ರೇಡಿಯಸ್ ಸರ್ವರ್ ಇದ್ದರೆ ಎರಡೂ ಒಂದೇ ಡೇಟಾಬೇಸ್‌ಗೆ ಬರೆಯಲಿ, ಎರಡರ ಎಂಡಿ5 ಸೂತ್ರವೂ ಒಂದೇ ಇರಲಿ. ಎರಡು ಮಾಸ್ಟರ್ ಡೇಟಾಬೇಸ್ ಇಟ್ಟು ಎರಡಕ್ಕೂ ಬರೆದರೆ ಒಂದು ದಿನ 1062 (ಮೈಎಸ್‌ಕ್ಯುಎಲ್‌ನ ‘ಡುಪ್ಲಿಕೇಟ್ ಎಂಟ್ರಿ’) ಎಂಬ ಎರರ್ ಬಂದು ರೆಪ್ಲಿಕೇಷನ್ ನಿಂತಿರುತ್ತದೆ.

ಹಂತ 8: ಬಾಯಿ ತೆರೆದ ಸಾಲುಗಳು

ಒಂದೇ ಲಾಗಿನ್ ಮಿತಿ ಇಟ್ಟಿದ್ದರೆ ಸರ್ವರ್ ತೆರೆದ ಸಾಲುಗಳನ್ನು ಎಣಿಸಿ ಗ್ರಾಹಕನನ್ನು ಹೊರಗೆ ನಿಲ್ಲಿಸುತ್ತದೆ. ರೌಟರ್ ಎದ್ದ ಕೂಡಲೇ ‘ಅಕೌಂಟಿಂಗ್ ಆನ್’ ಕಳಿಸಿದರೆ ಆ ರೌಟರ್‌ನ ತೆರೆದ ಸಾಲುಗಳೆಲ್ಲ ಮುಚ್ಚುತ್ತವೆ. ಕಳಿಸದ ರೌಟರ್‌ಗಳಿಗೆ ಒಂದು ಕ್ರಾನ್ (ಹೊತ್ತು ಹೊತ್ತಿಗೆ ತಾನೇ ಓಡುವ ಕೆಲಸ) ಇಡಿ: ಕೊನೆಯ ಅಪ್‌ಡೇಟ್ ಬಂದು ಮೂರು ಇಂಟರಿಮ್‌ನಷ್ಟು ಹೊತ್ತು ಕಳೆದಿದ್ದರೆ, ಆ ಕೊನೆಯ ಅಪ್‌ಡೇಟ್ ಸಮಯಕ್ಕೇ ಮುಚ್ಚು. ಕ್ರಾನ್ ಓಡಿದ ಸಮಯಕ್ಕೆ ಮುಚ್ಚಬೇಡಿ, ಆ ಹೊತ್ತಿಗೆ ಐಪಿ ಇನ್ನೊಬ್ಬರ ಕೈ ಸೇರಿರುತ್ತದೆ.

ಹಂತ 9: ಪರೀಕ್ಷೆ

ರಾಡ್‌ಕ್ಲೈಂಟ್ ಎಂಬ, ಪರೀಕ್ಷೆಗೆ ಪ್ಯಾಕೆಟ್ ಕಳಿಸುವ ಕಮಾಂಡ್‌ನಿಂದ ಒಂದೇ ಸ್ಟಾರ್ಟ್ ಅನ್ನು ಐದು ಸಲ ಕಳಿಸಿ, ಪ್ರತಿ ಸಲ ಡಿಲೇ ಟೈಮ್ ಬದಲಿಸಿ. ಸಾಲು ಒಂದೇ ಇರಬೇಕು. ಆಮೇಲೆ ಸ್ಟಾಪ್ ಕಳಿಸಿ, ಅದರ ಹಿಂದೆ ಹಳೆಯ ಇಂಟರಿಮ್ ಕಳಿಸಿ. ಮುಕ್ತಾಯದ ಸಮಯ, ಬೈಟ್ ಎರಡೂ ಅಲುಗಾಡಬಾರದು. ಸ್ಟಾರ್ಟ್ ಕಳಿಸದೆ ಬರೀ ಸ್ಟಾಪ್ ಕಳಿಸಿ. ಸಾಲು ಹುಟ್ಟಬೇಕು. ಕೊನೆಗೆ ಟೆಸ್ಟ್ ರೌಟರ್‌ನ ಒಂದು ಲೈನ್ ಕಿತ್ತು ಇನ್ನೊಂದರಿಂದ ಇಂಟರಿಮ್ ಬರುವಂತೆ ಮಾಡಿ. ಆಗಲೂ ಸಾಲು ಒಂದೇ ಇರಬೇಕು.

ಹಂತ 2ರ ಕ್ವೆರಿಗಳನ್ನು ಪ್ರತಿ ಸೋಮವಾರ ಬೆಳಿಗ್ಗೆ ಓಡುವಂತೆ ಇಟ್ಟಿದ್ದೇನೆ. ಏನಾದರೂ ಸಿಕ್ಕರೆ ಮಾತ್ರ ಮೆಸೇಜ್ ಬರುತ್ತದೆ. ಆಮೇಲೆ ಒಮ್ಮೆ ಬಂದಿತ್ತು. ಸಿಂದಗಿಯಲ್ಲಿ ಹೊಸ ರೌಟರ್ ಹಾಕಿದ ಹುಡುಗ ಸೋರ್ಸ್ ಅಡ್ರೆಸ್ ಕಟ್ಟಲು ಮರೆತಿದ್ದ.